ಜಡ್ಜಮ್ಮನ ಹೊಲಿಗೆಯಾಟ

"ಈ ರೂಲು ನಿನ್ನೆ ಇರ್ಲಿಲ್ಲ," ಎಂದ ತಮ್ಮ.

"ಇತ್ತು," ಎಂದಳು ಅಕ್ಕ.

"ಎಲ್ಲಿತ್ತು?"

"ನನ್ನ ತಲೇಲಿತ್ತು. ರೀಲು ಕೊನೇ ಸಾಲಿಗೆ ಹೋಗ್ಬೇಕಾದ್ರೆ ಮೊದ್ಲು ಟೋಪೀನ ಮುಟ್ಟಿ ಹೋಗ್ಬೇಕು."

ತಮ್ಮನ ಕೆಂಪು ದಾರದ ರೀಲು ಗೆಲ್ಲಲು ಇನ್ನೊಂದೇ ಮನೆ ಬಾಕಿ ಇತ್ತು. ಒಂದೇ ಒಂದು ಮನೆ. ಹನ್ನೊಂದು ಆಟ ಸೋತವನು ಹನ್ನೆರಡನೆಯದನ್ನು ಗೆಲ್ಲುವುದರಲ್ಲಿದ್ದ. ಅವನು ಅಕ್ಕನ ಮುಖ ನೋಡಿದ, ರೀಲು ನೋಡಿದ, ಆಮೇಲೆ ಗುಂಡಿಗಳನ್ನೆಲ್ಲ ಎರಡೂ ಕೈಯಿಂದ ಬಾಚಿ ಡಬ್ಬಿಗೆ ಸುರಿದ.

"ಇನ್ಮೇಲೆ ನಿನ್ನ ಜೊತೆ ಆಡಲ್ಲ ಹೋಗು, ಜಡ್ಜಮ್ಮ."

ಮನೆಯಲ್ಲಿ ಆ ಹೆಸರು ಅವಳಿಗೆ ಸುಮ್ಮನೆ ಬಂದಿರಲಿಲ್ಲ. ಊಟಕ್ಕೆ ಯಾರು ಎಲ್ಲಿ ಕೂರಬೇಕು, ಕಿಟಕಿ ಪಕ್ಕದ ಜಾಗ ಯಾರದು, ಎಲ್ಲಕ್ಕೂ ಅವಳದೇ ತೀರ್ಪು. ಈ ಆಟವನ್ನಂತೂ ಕಂಡುಹಿಡಿದದ್ದೇ ಅವಳು.

ಮೊದಲು ಅವರು ಚೆಸ್ ಆಡುತ್ತಿದ್ದರು. ತನ್ನ ಕುದುರೆ ಸತ್ತಾಗಲೆಲ್ಲ ತಮ್ಮ ಆಟ ಬಿಟ್ಟು ಎದ್ದುಬಿಡುತ್ತಿದ್ದ. ಒಂದು ದಿನ ಅವನು ಕುದುರೆಯ ಜೀವ ಉಳಿಸಲು ಅದನ್ನು ಚಡ್ಡಿ ಜೇಬಿನಲ್ಲಿ ಬಚ್ಚಿಟ್ಟ. ಚಡ್ಡಿ ಒಗೆಯಲು ಹೋಯಿತು. ಚಡ್ಡಿ ವಾಪಸ್ ಬಂತು, ಕುದುರೆ ಬರಲಿಲ್ಲ.

ಒಂದು ಕುದುರೆ ಇಲ್ಲದ ಚೆಸ್ಸನ್ನು ಯಾರು ಆಡುತ್ತಾರೆ? ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಲ್ಲಿ ಚೌಕಳಿ ಬಟ್ಟೆಯ ಒಂದು ತುಂಡು ಸಿಕ್ಕಿತು. ಉದ್ದಕ್ಕೆ ಏಳು ಚೌಕ, ಅಗಲಕ್ಕೆ ಏಳು ಚೌಕ. ಒಬ್ಬರಿಗೆ ಐದು ಬಿಳಿ ಗುಂಡಿ, ಇನ್ನೊಬ್ಬರಿಗೆ ಐದು ಕಪ್ಪು ಗುಂಡಿ. ಇಬ್ಬರಿಗೂ ಒಂದೊಂದು ದಾರದ ರೀಲು, ಅದೇ ರಾಜ. ಸೂಜಿ ಚುಚ್ಚದಿರಲೆಂದು ಅಮ್ಮ ಬೆರಳಿಗೆ ಹಾಕಿಕೊಳ್ಳುವ ಪುಟ್ಟ ಟೋಪಿಯೂ ಒಂದೊಂದು, ಅದೇ ಕುದುರೆ. ಈ ಆಟದಲ್ಲಿ ಯಾರೂ ಸಾಯುವುದಿಲ್ಲ. ಎರಡು ಗುಂಡಿಗಳ ನಡುವೆ ಸಿಕ್ಕಿಬಿದ್ದ ಕಾಯಿಗೆ 'ಹೊಲಿಗೆ' ಬೀಳುತ್ತದೆ. ಅದು ಅಲುಗಾಡುವಂತಿಲ್ಲ. ಅದರ ಕಡೆಯ ಟೋಪಿ ಹಾರಿ ಬಂದು ಪಕ್ಕದಲ್ಲಿ ನಿಂತರೆ ಹೊಲಿಗೆ ಬಿಚ್ಚುತ್ತದೆ. ಅಷ್ಟೆ.

ಅಷ್ಟೇ ಆಗಿದ್ದರೆ ಚೆನ್ನಾಗಿತ್ತು. ಜಡ್ಜಮ್ಮ ಸೋಲುವ ಹೊತ್ತಿಗೆಲ್ಲ ಅವಳ ತಲೆಯಿಂದ ಹೊಸ ಹೊಸ ರೂಲು ಹೊರಗೆ ಬರುತ್ತಿದ್ದವು.

"ಅಮ್ಮಾ, ನೋಡಮ್ಮ ಇವ್ನು, ಆಡಲ್ವಂತೆ," ಎಂದು ಅವಳು ದೂರು ಕೊಟ್ಟಳು. "ಶುಕ್ರವಾರ ಸ್ಕೂಲಿಗೆ ಈ ಆಟ ತಗೊಂಡು ಹೋಗ್ಬೇಕು. ಪ್ರಾಕ್ಟೀಸ್ ಬೇಡ್ವಾ ನಂಗೆ?"

ಅಮ್ಮ ಬಾಯಲ್ಲಿದ್ದ ಪಿನ್ನು ತೆಗೆದು ಹೇಳಿದಳು. "ಅವನು ಹೇಳೋದ್ರಲ್ಲಿ ತಪ್ಪೇನಿದೆ? ಅಳತೇನೆಲ್ಲ ನಾನು ತಲೇಲೇ ಇಟ್ಕೊಂಡ್ರೆ ಡ್ರೈವರ್ ಪ್ಯಾಂಟು ಕಂಡಕ್ಟರ್ ಸೊಂಟಕ್ಕೆ ಹೋಗುತ್ತೆ. ರೂಲು ಬರೆದಿಡು."

ಜಡ್ಜಮ್ಮ ಮುಖ ದಪ್ಪ ಮಾಡಿಕೊಂಡೇ ಮೇಜಿನ ಮೇಲಿದ್ದ ಒಂದು ಚೀಟಿ ಎಳೆದುಕೊಂಡು ರೂಲು ಬರೆಯಲು ಕೂತಳು. ತಲೆಯಲ್ಲಿ ಮೂವತ್ತು ರೂಲು ಇದ್ದವೆಂದು ಅಂದುಕೊಂಡಿದ್ದಳು. ಬರೆದು ನೋಡಿದರೆ ಐದೇ ಬಂದವು.

ಶುಕ್ರವಾರ ಕೊನೆಯ ಪೀರಿಯಡ್. ಮಕ್ಕಳು ಮನೆಯಲ್ಲಿ ತಾವೇ ಮಾಡಿದ ಆಟಗಳನ್ನು ತಂದಿದ್ದರು. ಚೆನ್ನಾಗಿರುವ ಒಂದು ಆಟ ಶಾಲೆಯ ಆಟದ ಕಪಾಟಿಗೆ ಸೇರುತ್ತದೆ, ಮುಂದೆ ಎಲ್ಲ ಕ್ಲಾಸಿನವರೂ ಅದನ್ನು ಆಡುತ್ತಾರೆ. ಜಡ್ಜಮ್ಮ ಅದನ್ನು ಕನಸಿನಲ್ಲೇ ಎರಡು ಸಲ ನೋಡಿಬಿಟ್ಟಿದ್ದಳು.

ಆದರೆ ಆಟದ ಸರ್ ಒಂದು ಷರತ್ತು ಹಾಕಿದರು. "ಆಟ ಮಾಡಿದವರು ಆಡೋ ಹಾಗಿಲ್ಲ. ಬೇರೆ ಇಬ್ಬರು ರೂಲು ಓದ್ಕೊಂಡು ಆಡ್ತಾರೆ. ನೀವು ಪಕ್ಕದಲ್ಲಿ ಬಾಯಿಗೆ ಬೀಗ ಹಾಕ್ಕೊಂಡು ಕೂತಿರಿ. ಒಂದು ಮಾತು ಆಡಿದ್ರೂ ಔಟ್."

ಬೇರೆ ಯಾರಿಗಾದರೂ ಇದು ಸುಲಭ. ಜಡ್ಜಮ್ಮನಿಗಲ್ಲ.

ಅವಳ ಆಟ ಆಡಲು ಬಂದವರು ಇಬ್ಬರು. ಕೂದಲು ಸುರುಳಿ ಸುರುಳಿಯಾಗಿದ್ದ ಗುಂಗುರು, ಮತ್ತು ಬೆಂಚಿನ ಕೆಳಗೆ ಕಾಲೇ ಹಿಡಿಸದ ಉದ್ದಣ್ಣ. ಗುಂಗುರು ಚೀಟಿ ಬಿಡಿಸಿ ಗಟ್ಟಿಯಾಗಿ ಓದಿದಳು.

"ಸೊಂಟ ಮೂವತ್ತೆಂಟು. ಉದ್ದ ನಲವತ್ತೊಂದು. ಜೇಬು ಎರಡು."

"ಸೊಂಟ ಯಾವ ಕಾಯಿ?" ಎಂದು ಉದ್ದಣ್ಣ ಡಬ್ಬಿಯೊಳಗೆ ಹುಡುಕಿದ.

ಅಯ್ಯೋ, ಅದು ಅಮ್ಮ ಬರೆದಿಟ್ಟಿದ್ದ ಡ್ರೈವರ್ ಮಾಮನ ಪ್ಯಾಂಟಿನ ಅಳತೆಯ ಚೀಟಿ. ರೂಲು ಇದ್ದದ್ದು ಹಿಂಬದಿಯಲ್ಲಿ. ಜಡ್ಜಮ್ಮ ಬಾಯಿ ತೆರೆದಳು, ಸರ್ ಕಡೆ ನೋಡಿದಳು, ತುಟಿಯ ಮೇಲೆ ಬೆರಳಿಟ್ಟು ಒತ್ತಿಕೊಂಡಳು. ಇಬ್ಬರೂ ಪ್ಯಾಂಟಿನ ಅಳತೆಯ ಬಗ್ಗೆ ಪೂರಾ ಒಂದು ನಿಮಿಷ ಚರ್ಚೆ ಮಾಡಿದರು. ಕೊನೆಗೆ ಗುಂಗುರು ಚೀಟಿ ತಿರುಗಿಸಿದಾಗ ಜಡ್ಜಮ್ಮನಿಗೆ ಹೋದ ಉಸಿರು ಬಂದಂತಾಯಿತು.

ಗುಂಗುರು ಓದಿದಳು. "ಗುಂಡಿ ಮುಂದಕ್ಕೋ ಪಕ್ಕಕ್ಕೋ ಒಂದು ಮನೆ ಹೋಗುತ್ತದೆ. ಟೋಪಿ ನೆಟ್ಟಗೆ ಎರಡು ಮನೆ ಹಾರುತ್ತದೆ. ರೀಲು ಯಾವ ಕಡೆಗಾದರೂ ಒಂದು ಮನೆ ಉರುಳುತ್ತದೆ. ಕಾಯಿಯ ಎರಡು ಪಕ್ಕದಲ್ಲಿ ಎರಡು ಗುಂಡಿ ನಿಂತರೆ ಹೊಲಿಗೆ, ಅದರ ಟೋಪಿ ಪಕ್ಕಕ್ಕೆ ಬರುವವರೆಗೆ ಅಲುಗಾಡುವಂತಿಲ್ಲ. ರೀಲು ಎದುರಿನ ಕೊನೆಯ ಸಾಲು ಮುಟ್ಟಿದರೆ ಗೆದ್ದಂತೆ."

ಆಟ ಶುರುವಾಯಿತು. ಗುಂಗುರಿನ ರೀಲು ಸರಸರ ಉರುಳುತ್ತ ಬಂತು. ಇನ್ನು ಎರಡೇ ಮನೆ. ಉದ್ದಣ್ಣನ ಒಂದೇ ಒಂದು ಗುಂಡಿ ಅಲ್ಲಿ ಹತ್ತಿರದಲ್ಲಿತ್ತು. ಅವನು ತಲೆ ಕೆರೆದುಕೊಂಡ, ಅದನ್ನೇ ರೀಲಿನ ಎಡಕ್ಕೆ ಸರಿಸಿದ.

"ಹೊಲಿಗೆ," ಎಂದ.

"ಹೇಗೆ? ಬಲಗಡೆ ಇರೋದು ನನ್ನ ಗುಂಡಿ."

"ಯಾರ ಗುಂಡಿ ಅಂತ ಚೀಟೀಲಿ ಎಲ್ಲಿದೆ? ಎರಡು ಗುಂಡಿ ಅಂತಷ್ಟೇ ಇದೆ."

ಇಬ್ಬರೂ ಜಡ್ಜಮ್ಮನ ಕಡೆ ತಿರುಗಿದರು.

ಎರಡೂ ಗುಂಡಿ ಎದುರಾಳಿಯದೇ ಆಗಿರಬೇಕು. ಅದು ಅವಳ ತಲೆಯಲ್ಲಿತ್ತು. ಚೀಟಿಗೆ ಇಳಿದಿರಲಿಲ್ಲ. ಮಾತು ನಾಲಿಗೆಯ ತುದಿಗೇ ಬಂದು ಕೂತಿತ್ತು. ಅವಳು ಎರಡೂ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡಳು.

ಗುಂಗುರು ಚೀಟಿಯನ್ನು ಇನ್ನೊಮ್ಮೆ ಓದಿದಳು. "ಆಯ್ತು. ಹಾಗಾದ್ರೆ ನಾನೂ ನಿನ್ನ ಗುಂಡೀಲೇ ನಿನ್ನನ್ನ ಹೊಲೀತೀನಿ."

ಅಲ್ಲಿಂದ ಆಟಕ್ಕೆ ರಂಗೇರಿತು. ತನ್ನ ಗುಂಡಿ ಹತ್ತಿರ ಇದ್ದರೂ ಭಯ, ದೂರ ಹೋದರೂ ಭಯ. ಉದ್ದಣ್ಣ ನಿಂತುಕೊಂಡೇ ಆಡತೊಡಗಿದ. ತಂತಮ್ಮ ಆಟ ಬಿಟ್ಟು ನಾಲ್ಕು ಜನ ಬಂದು ಸುತ್ತ ನಿಂತರು. ಬೆಲ್ ಹೊಡೆಯಿತು. ಯಾರೂ ಏಳಲಿಲ್ಲ. ಜಡ್ಜಮ್ಮ ಬಾಯಿಂದ ಕೈ ತೆಗೆದದ್ದು ಅವಳಿಗೇ ಗೊತ್ತಾಗಲಿಲ್ಲ. ಮಾತಾಡಬೇಕೆಂಬುದೇ ಮರೆತುಹೋಗಿತ್ತು. ಮುಂದೇನಾಗುತ್ತದೋ ಎಂದು ಅವಳೂ ಕತ್ತು ಚಾಚಿ ನೋಡುತ್ತಿದ್ದಳು. ತಾನೇ ಮಾಡಿದ ಆಟ, ಆದರೂ ಅವಳಿಗೇ ಗೊತ್ತಿರಲಿಲ್ಲ.

ಗುಂಗುರು ಗೆದ್ದಳು. ಉದ್ದಣ್ಣ ತಕ್ಷಣ, "ಇನ್ನೊಂದಾಟ," ಎಂದ.

ಸರ್ ಚೀಟಿ ಕೈಗೆ ತೆಗೆದುಕೊಂಡರು. "ಈಗ ಮಾತಾಡಬಹುದು. ಯಾರ ಗುಂಡಿ ಅನ್ನೋದನ್ನ ಬೇಕೂಂತ್ಲೇ ಬರೀಲಿಲ್ವಾ?"

ಹೌದು ಎಂದುಬಿಡಬಹುದಿತ್ತು. "ಇಲ್ಲ ಸರ್. ಮರ್ತೋಗಿತ್ತು."

"ಸೇರಿಸ್ತೀಯಾ ಈಗ?"

ಜಡ್ಜಮ್ಮ ಮತ್ತೆ ಕಾಯಿ ಜೋಡಿಸುತ್ತಿದ್ದ ಇಬ್ಬರನ್ನೂ ನೋಡಿದಳು. "ಬೇಡ ಸರ್. ಹೀಗೇ ಚೆನ್ನಾಗಿದೆ."

ಹೊಲಿಗೆಯಾಟ ಕಪಾಟು ಸೇರಿತು. ಜೊತೆಗೆ ಡ್ರೈವರ್ ಮಾಮನ ಸೊಂಟವೂ ಸೇರಿತು.

ಮನೆಯಲ್ಲಿ ಅಮ್ಮ ಅವನಿಗೆ ಮತ್ತೆ ಟೇಪು ಸುತ್ತುತ್ತಿದ್ದಳು. "ನಲವತ್ತು," ಎಂದಳು. "ಹಳೇ ಚೀಟಿ ಕಳೆದದ್ದೇ ಒಳ್ಳೇದಾಯ್ತು." ಡ್ರೈವರ್ ಮಾಮ ಹೊಟ್ಟೆ ಒಳಗೆಳೆದುಕೊಂಡು ಸೂರು ನೋಡಿದ. ಜಡ್ಜಮ್ಮ ನಗು ತಡೆಯಲಾರದೆ ಒಳಗೆ ಓಡಿದಳು.

ಹೊಸ ಚೌಕಳಿ ತುಂಡು ಹಾಸಿ, ಹೊಸ ಚೀಟಿಯಲ್ಲಿ ಐದು ರೂಲು ಬರೆದು, ತಮ್ಮನ ಮುಂದೆ ಇಟ್ಟಳು. ಅವನು ಅದನ್ನು ಮೂರು ಸಲ ಓದಿದ, ಹಿಂದೆ ತಿರುಗಿಸಿಯೂ ನೋಡಿದ. ಆಮೇಲೆ ಕೂತ.

ಆಟ ಮುಗಿಯುವ ಹೊತ್ತಿಗೆ ಜಡ್ಜಮ್ಮನ ರೀಲು ಗೆಲ್ಲಲು ಇನ್ನೊಂದೇ ಮನೆ ಬಾಕಿ ಇತ್ತು. ತಮ್ಮ ಒಂದು ಕಪ್ಪು ಗುಂಡಿಯನ್ನು ಮೆಲ್ಲಗೆ ಸರಿಸಿದ. ಒಂದು ಪಕ್ಕ ಅವನ ಗುಂಡಿ, ಇನ್ನೊಂದು ಪಕ್ಕ ಅವಳದೇ ಗುಂಡಿ.

"ಹೊಲಿಗೆ, ಜಡ್ಜಮ್ಮ."

ಅವಳ ಟೋಪಿ ಎಲ್ಲೋ ಮೂಲೆಯಲ್ಲಿತ್ತು. ತಲೆಯಲ್ಲಿ ಒಂದು ಹೊಸ ರೂಲು ಆಗಲೇ ಸಿದ್ಧವಾಗಿತ್ತು. ಒಳ್ಳೆಯ ರೂಲೇ. ತಮ್ಮ ಗಲ್ಲ ಮುಂದೆ ಮಾಡಿ ಅದಕ್ಕೇ ಕಾಯುತ್ತಿದ್ದ. ಅವಳು ತುಟಿಯ ಮೇಲೆ ಬೆರಳಿಟ್ಟುಕೊಂಡು, ಟೋಪಿಯನ್ನು ಎರಡು ಮನೆ ಹಾರಿಸಿದಳು. ಸಾಲಲಿಲ್ಲ. ಟೋಪಿ ಪಕ್ಕಕ್ಕೆ ತಲುಪುವ ಮೊದಲೇ ಕೆಂಪು ರೀಲು ಎರಡು ಸಲ ಉರುಳಿ ಕೊನೆಯ ಸಾಲು ಮುಟ್ಟಿತು.

"ಮತ್ತೆ?" ಎಂದ ತಮ್ಮ, ಅನುಮಾನದಿಂದ.

"ಮತ್ತೇನು?"

"ಹೊಸ ರೂಲು ಏನೂ ಇಲ್ವಾ?"

"ಇಲ್ಲ. ನೀನು ಗೆದ್ದೆ."

ತಮ್ಮ ಮಿಷಿನ್ನಿನ ಸುತ್ತ ಮೂರು ಸುತ್ತು ಓಡಿದ. ನೂಲು ಕಾಲಿಗೆ ಸಿಕ್ಕಿ ಬಿದ್ದ, ಬಿದ್ದಲ್ಲೇ ನಕ್ಕ. ಈ ಆಟ ಆಡುತ್ತ ಅವನು ನಕ್ಕದ್ದು ಇದೇ ಮೊದಲು ಎಂದು ಅವಳಿಗೆ ಹೊಳೆಯಿತು.

ಇಷ್ಟು ದಿನ 'ಬಾರೋ ಆಡೋಣ' ಎಂದು ಅವನನ್ನು ಕರೆದೂ ಕರೆದೂ ಅವಳಿಗೆ ಸಾಕಾಗುತ್ತಿತ್ತು. ಈಗ ಅವನೇ ಎದ್ದು ಬಂದು ಗುಂಡಿ ಜೋಡಿಸಲು ಕೂತ. ತನ್ನ ಕಪ್ಪು ಗುಂಡಿಗಳನ್ನು ಮೊದಲು ಜೋಡಿಸಿದ, ಆಮೇಲೆ ಅವಳ ಬಿಳಿಯವನ್ನೂ.