ಕ್ಯಾಪ್ಸುಲ್ ಹೋಟೆಲಿನಲ್ಲಿ ಸುಬ್ಬಮ್ಮಜ್ಜಿ

"ಅಜ್ಜೀ, ಸ್ವಲ್ಪ ಮೆಲ್ಲಗೆ!" ಮೇಘಶ್ರೀ ಅಜ್ಜಿಯ ಸೆರಗು ಎಳೆದಳು.

ಸುಬ್ಬಮ್ಮಜ್ಜಿಗೆ ಅದು ಕೇಳಿಸಲೇ ಇಲ್ಲ. ಅವಳು ಸೊಂಟದ ಮೇಲೆ ಕೈಯಿಟ್ಟು ಗೋಡೆಯುದ್ದಕ್ಕೂ ಮೇಲೊಂದು ಕೆಳಗೊಂದು ಜೋಡಿಸಿದ್ದ ಬಿಳಿ ಗೂಡುಗಳನ್ನು ನೋಡುತ್ತಿದ್ದಳು. ಗೂಡಿಗೊಂದು ಹಾಸಿಗೆ, ಒಂದು ಲೈಟು, ಒಂದು ಪುಟ್ಟ ಫ್ಯಾನು, ಮುಂದೊಂದು ಪರದೆ.

"ಅಯ್ ಸಿವ್ನೆ! ಒಗೆಸೊಪ್ಪು ಒಣಗ್ಸೋ ಬ್ಯಾರನ್ನಾಗೆ ಎಲೆ ಜೋಡಿಸ್ದಂಗೆ ಜನಾನ ಜೋಡ್ಸವ್ರಲ್ಲೇ!"

ಮರುದಿನ ಬೆಳಿಗ್ಗೆ ಹಾಸನದಲ್ಲಿ ಮೇಘಶ್ರೀಗೆ ಜಿಲ್ಲಾ ಮಟ್ಟದ ಡ್ರಾಯಿಂಗ್ ಕಾಂಪಿಟೇಶನ್. ರಾಮನಾಥಪುರದಿಂದ ಬೆಳಿಗ್ಗೆ ಹೊರಟರೆ ತಡವಾದೀತೆಂದು ಅಪ್ಪ ಮೊಬೈಲಿನಲ್ಲಿ ಈ ಕ್ಯಾಪ್ಸುಲ್ ಹೋಟೆಲ್ ಬುಕ್ ಮಾಡಿದ್ದ. ಲಾಡ್ಜಿಗಿಂತ ತುಂಬಾ ಅಗ್ಗ. ಆದರೆ ಹೆಂಗಸರ ವಿಭಾಗಕ್ಕೆ ಅಪ್ಪ ಬರುವಂತಿಲ್ಲ, ಅಮ್ಮನಿಗೆ ರಜ ಇಲ್ಲ. ಹಾಗಾಗಿ ಜೊತೆಗೆ ಅಪ್ಪನ ಅವ್ವ, ಸುಬ್ಬಮ್ಮಜ್ಜಿ.

ಕೆಳಗೆ ರಿಸೆಪ್ಶನ್‌ನಲ್ಲೇ ಅಜ್ಜಿ ಶುರುಮಾಡಿದ್ದಳು. "ಓಟ್ಲು ಅಂತೀಯ, ಒಂದು ಇಡ್ಲಿನೂ ಇಲ್ವಲ್ಲಪ್ಪ!"

ಈಗ ನಿಪ್ಪಟ್ಟಿನ ಡಬ್ಬಿ ಹಿಡಿದು ಒಂದೊಂದೇ ಪರದೆ ತಟ್ಟತೊಡಗಿದಳು. "ಯಾರವ್ವ ಒಳ್ಗೆ? ಉಂಡ್ಯಾ?"

ಒಂದು ಪರದೆ ಸರಿಯಿತು. ಇಯರ್‌ಫೋನ್ ಹಾಕಿಕೊಂಡಿದ್ದ ಆಂಟಿಯೊಬ್ಬರು ದುರುಗುಟ್ಟಿ ನೋಡಿ, ಸರ್ರನೆ ಪರದೆ ಎಳೆದುಕೊಂಡರು.

"ಪಾಪ, ನಿದ್ದೆ ಬಂದೈತೆ," ಎಂದಳು ಅಜ್ಜಿ.

ಮೇಘಶ್ರೀಗೆ ನಾಚಿಕೆಯಿಂದ ಕಿವಿ ಬಿಸಿಯಾಯಿತು. ಸರಸರನೆ ಏಣಿ ಹತ್ತಿ ಮೇಲಿನ ಗೂಡಿನಲ್ಲಿ ಅಡಗಿ ಕೂತಳು.

ಪಕ್ಕದ ಗೂಡಿನಿಂದ ಒಬ್ಬ ಅಕ್ಕ ಇಣುಕಿದಳು. ಹೆಸರು ರಂಜಿತಾ, ದಾವಣಗೆರೆಯಿಂದ ಇಂಟರ್‌ವ್ಯೂಗೆ ಬಂದವಳು. ನೋಡಿದರೆ ಥೇಟ್ ಟಿವಿ ನ್ಯೂಸ್ ಓದುವವಳ ಹಾಗೆ ನೀಟಾಗಿದ್ದಳು.

"ಪುಟ್ಟಿ, ಆ ಅಜ್ಜಿ ಯಾರು? ನಿಮ್ಮವರಾ?"

ಮೇಘಶ್ರೀ ಪರದೆಯ ಅಂಚು ಎಳೆದುಕೊಂಡಳು. "ಅಲ್ಲ... ನಂಗೊತ್ತಿಲ್ಲ."

ಪರದೆ ತಟ್ಟುವ ಸದ್ದು ನಿಂತಿತು. ಅಜ್ಜಿ ಸರಿಯಾಗಿ ಏಣಿಯ ಕೆಳಗೇ ನಿಂತಿದ್ದಳು!

ಅಜ್ಜಿ ಕೈಲಿದ್ದ ಡಬ್ಬಿಯ ಮುಚ್ಚಳ ಒತ್ತಿ ಹಾಕಿದಳು. ಆಮೇಲೆ ಕತ್ತೆತ್ತಿ, "ಔದು ಕಣವ್ವ. ನಂಗೂ ಈ ಮಗ ಗೊತ್ತಿಲ್ಲ. ಯಾವೂರವ್ವ ನಿಂದು?" ಎಂದಳು.

"ರಾ... ರಾಮನಾಥಪುರ."

"ಅರೆ, ನಮ್ಮೂರೇ! ಎಲ್ಲೂ ಕಂಡಂಗಿಲ್ವಲ್ಲ! ಯಾರ ಮಗ್ಳು?"

"ಮೋಹನ್‌ಕುಮಾರ್ ಮಗಳು."

"ಓ, ಆ ಮೋಹ್ನನಾ? ಚಿಕ್ಕೋನಿದ್ದಾಗ ಬೋ ತರ್ಲೆ. ಆದ್ರೆ ಅವ್ನ ಅವ್ವ ಮಾತ್ರ ಬಂಗಾರದಂತೋಳಂತೆ ಕಣವ್ವ!"

ರಂಜಿತಾ ಇಬ್ಬರ ಮುಖವನ್ನೂ ನೋಡಿದಳು. ಅವಳಿಗೆ ಎಲ್ಲ ಅರ್ಥವಾಯಿತು. ಕೈಯಲ್ಲಿದ್ದ ಪುಸ್ತಕದ ಹಿಂದೆ ಮುಖ ಮುಚ್ಚಿಕೊಂಡು ನಕ್ಕಳು.

"ಎಂಗವ್ಳೆ ನಿಮ್ಮಜ್ಜಿ? ಒಳ್ಳೇವ್ಳಾ?" ಅಜ್ಜಿ ಬಿಡಲಿಲ್ಲ.

ಅಜ್ಜಿ ನಗುತ್ತಲೇ ಕೇಳಿದಳು. ಆದರೆ ಅವಳ ಕೈ ಮಾತ್ರ ಡಬ್ಬಿಯ ಮುಚ್ಚಳವನ್ನು ತೆಗೆಯುವುದು, ಹಾಕುವುದು ಮಾಡುತ್ತಿತ್ತು. ಟಕ್, ಟಕ್. ಮೇಘಶ್ರೀ ಆ ಕೈಯನ್ನೇ ನೋಡಿದಳು.

"ನಮ್ಮಜ್ಜಿ ಜೋರಾಗಿ ಮಾತಾಡುತ್ತೆ," ಎಂದಳು ನಿಧಾನವಾಗಿ. "ಇವತ್ತು ಅರಕಲಗೂಡು ದಾಟಿದ ಮೇಲೆ ಬಸ್ಸಲ್ಲಿ ನಂಗೆ ವಾಂತಿ ಆಯ್ತು. ಅಜ್ಜಿ ಸೀರೆ ಮೇಲೆಲ್ಲ ಆಯ್ತು. ನಂಗೆ ಒಂಚೂರೂ ಬೈಲಿಲ್ಲ."

"ಮತ್ತೆ?" ರಂಜಿತಾ ಕೇಳಿದಳು.

"ಡ್ರೈವರ್‌ಗೆ ಬೈತು."

ರಂಜಿತಾ ಈ ಸಲ ಗಟ್ಟಿಯಾಗಿಯೇ ನಕ್ಕಳು.

"ಸುಮ್ಕಿರ್ತಾರಾ ಮತ್ತೆ? ತಿರುವಲ್ಲಿ ಅಂಗಾ ಓಡ್ಸೋದು!" ಎಂದುಬಿಟ್ಟ ಅಜ್ಜಿ, ಪಟ್ಟನೆ ನಾಲಿಗೆ ಕಚ್ಚಿಕೊಂಡಳು.

ಮೇಘಶ್ರೀ ಏಣಿ ಇಳಿದು ಬಂದಳು. ಅಜ್ಜಿಯ ಸೀರೆಯಲ್ಲಿ ತೊಳೆದ ಕಡೆ ಇನ್ನೂ ಒದ್ದೆಯಿತ್ತು. ಅವಳು ಅಲ್ಲಿಗೇ ಒತ್ತಿಕೊಂಡು ನಿಂತಳು.

"ಅಕ್ಕಾ, ಇದೇ ನಮ್ಮಜ್ಜಿ."

ಡಬ್ಬಿಯ ಮುಚ್ಚಳದ ಟಕ್ ಟಕ್ ನಿಂತುಹೋಯಿತು. ಅದು ನಿಂತದ್ದು ಮೇಘಶ್ರೀಗೆ ಕೇಳಿಸಿತು.