ನೋಡಲಿಕ್ಕಿಟ್ಟ ಕೋಣೆ

“ಹೆಂಗಸರ ವಾರ್ಡಿಗೆ ಹೀಗೆ ಹೇಳದೆ ಕೇಳದೆ ನುಗ್ಗುವುದಾ?”

ನರ್ಸ್ ನಝೀಲಾಳ ದನಿಗೆ ಸವಾದ್ ಬೆಚ್ಚಿ ತಿರುಗಿದ. ಬಹ್ರೈನಿನ ಸಲ್ಮಾನಿಯಾದ ಆ ವೃದ್ಧಾಶ್ರಮದಲ್ಲಿ ಎಸಿ, ಲಿಫ್ಟು, ಮಂಚಗಳ ರಿಪೇರಿ ಅವನ ಕೆಲಸ. ಈಗ ಅವನ ಕೈಯಲ್ಲಿದ್ದದ್ದು ಸ್ಪ್ಯಾನರ್ ಅಲ್ಲ, ಮೊಬೈಲು. ಅದನ್ನು ಉಮ್ಮ್ ರಾಶಿದ್ ಎಂಬ ಬಹ್ರೈನಿ ಅಜ್ಜಿಯ ಕಿವಿಗೆ ಹಿಡಿದು ಬಗ್ಗಿ ನಿಂತಿದ್ದ.

“ಸಿಸ್ಟರ್, ಸ್ವಲ್ಪ ತಡೀರಿ. ಅವರು ಮಾತಾಡ್ತಾ ಇದ್ದಾರೆ.”

“ಯಾರು?”

“ಇವರ ಯಜಮಾನ್ರು.”

ಮೊಬೈಲಿನಿಂದ ಮುದುಕರೊಬ್ಬರ ಅರಬ್ಬಿ ಕೇಳಿಸಿತು. ‘ಊಟ ಆಯ್ತಾ? ನನ್ನದಾಯ್ತು. ಮೀನಿಗೆ ಉಪ್ಪೇ ಇಲ್ಲ. ನೀನಿದ್ದಿದ್ದರೆ ಅಡುಗೆಯವನ ಗ್ರಹಚಾರ ಬಿಡಿಸುತ್ತಿದ್ದೆ.’ ಲಕ್ವ ಹೊಡೆದು ಒಂದು ಬದಿಗೆ ವಾಲಿದ ಅಜ್ಜಿಯ ತುಟಿ ಮೆಲ್ಲಗೆ ಅರಳಿತು.

ಬೈಯಲು ಬಂದಿದ್ದ ನಝೀಲಾ ಬಾಗಿಲಲ್ಲೇ ನಿಂತುಬಿಟ್ಟಳು.

ಅಜ್ಜಿಯ ಗಂಡ ಅಬೂ ರಾಶಿದ್ ಇದ್ದದ್ದು ಮೇಲಿನ ಮಹಡಿಯಲ್ಲಿ. ಗಂಡಸರು ಮೇಲೆ, ಹೆಂಗಸರು ಕೆಳಗೆ. ಅದು ಇಲ್ಲಿನ ರೂಲ್ಸು. ಒಂದೇ ಸೂರಿನಡಿ ಮುದುಕರಾದ ಗಂಡಹೆಂಡತಿ ಈಗ ಪರಸ್ಪರ ಮುಖ ನೋಡುತ್ತಿದ್ದದ್ದು ಶುಕ್ರವಾರ ಮಗ ರಾಶಿದ್ ಬಂದಾಗ ಮಾತ್ರ, ಅದೂ ಲೌಂಜಿನಲ್ಲಿ.

“ಎಸಿ ನೋಡ್ಲಿಕ್ಕೆ ಮೇಲೆ ಹೋಗಿದ್ದೆ,” ಸವಾದ್ ಹೇಳಿದ. “‘ಕೆಳಗೆ ಹೋಗ್ತೀಯಲ್ಲ, ಅವಳು ಊಟ ಮಾಡಿದ್ಳಾ ಕೇಳಿ ಬಾ’ ಅಂದ್ರು. ನಾನು ಕೇಳಿದ್ರೆ ಇವರು ಉತ್ತರ ಕೊಡ್ತಾರಾ? ಅದಕ್ಕೇ ರೆಕಾರ್ಡ್ ಮಾಡಿದ್ದು. ಕಂಪ್ಲೇಂಟ್ ಕೊಡೋದಾದ್ರೆ ಕೊಡಿ.”

“ಕೊಡ್ತೇನೆ,” ಅಂದಳು ಅವಳು. ಆಮೇಲೆ ತನ್ನ ಮೊಬೈಲು ತೆಗೆದು ಅಜ್ಜಿಯ ಬಾಯಿಯ ಹತ್ತಿರ ಹಿಡಿದಳು. “ಮೊದಲು ಇವರ ಉತ್ತರ ತಗೊಂಡು ಹೋಗಿ. ನನಗೆ ನಿಮ್ಮ ನಂಬರ್ ಕೊಡಿ.”

ಹೀಗೆ ಅವರ ನಡುವೆ ಮೊದಲು ಓಡಾಡಿದ್ದು ಬೇರೆಯವರ ಪ್ರೀತಿ. ಭಟ್ಕಳದ ನಝೀಲಾಳ ಮನೆಮಾತು ನವಾಯತಿ, ಸುರತ್ಕಲ್ಲಿನ ಸವಾದ್‌ನದು ಬ್ಯಾರಿ. ಇಬ್ಬರಿಗೂ ಸಲೀಸಾಗಿದ್ದದ್ದು ಕನ್ನಡ.

ಅಜ್ಜಿಯ ಸಂದೇಶ ಕಳಿಸಿದ ಮೇಲೆ ಒಮ್ಮೆ ಅವಳು ತನ್ನದೂ ಒಂದು ಸಾಲು ಸೇರಿಸಿದಳು: ‘ಅಜ್ಜಿ ಉಂಡರು. ನೀವು?’ ಅವನ ಉತ್ತರ ತಕ್ಷಣ ಬಂತು: ‘ಈಗ ಹೊಟ್ಟೆ ತುಂಬಿತು.’ ಕಾರಿಡಾರಿನಲ್ಲಿ ಎದುರಾದಾಗ ಅವನು ಏಣಿಯ ಮೇಲಿದ್ದ. ಬಲ್ಬು ತಿರುಗಿಸುವುದನ್ನು ಬಿಟ್ಟು ಅವಳನ್ನೇ ನೋಡಿದ. ಅವಳು ನಗು ಬಾರದಂತೆ ತುಟಿ ಬಿಗಿಹಿಡಿದಳು. ಕೆನ್ನೆಯ ಗುಳಿ ಮಾತ್ರ ಮಾತು ಕೇಳಲಿಲ್ಲ.

“ಬಲ್ಬು ಅಲ್ಲಿ ಉಂಟು, ಇಲ್ಲಿ ಅಲ್ಲ.”

“ಬೆಳಕು ಎಲ್ಲಿ ಉಂಟು ಅಂತ ನನಗೆ ಗೊತ್ತುಂಟು ಸಿಸ್ಟರ್.”

“ಹಾಗೆಲ್ಲ ಮಾತಾಡೋದಾದ್ರೆ ಮೊದಲು ಆ ‘ಸಿಸ್ಟರ್’ ಬಿಡಿ ಮಾರಾಯ್ರೆ!”

ಅವನು ಏಣಿಯಿಂದ ಬೀಳುವುದೊಂದು ಬಾಕಿ.

ಆದರೆ ಸಂದೇಶಗಳು ಎಷ್ಟು ದಿನ ಸಾಕಾಗುತ್ತವೆ? ಉಮ್ಮ್ ರಾಶಿದ್ ಮೊಬೈಲನ್ನು ಎಡಗೈಯಿಂದ ದೂರ ತಳ್ಳತೊಡಗಿದರು. ದನಿ ಬೇಡ, ಮನುಷ್ಯ ಬೇಕು. ಊಟ ಬಿಟ್ಟರು. ಗಂಡನ ಹೆಸರು ಹಿಡಿದು ಕೂಗತೊಡಗಿದರು. ಮ್ಯಾನೇಜರ್ ಕ್ರೇಗ್ ನಝೀಲಾಳನ್ನು ಆಫೀಸಿಗೆ ಕರೆಸಿದ. ಅವನು ಬೆಂಗಳೂರಿನವನು, ಗಟ್ಟಿಯಾಗಿ ಮಾತಾಡುವವನಲ್ಲ.

“ವಾರ್ಡ್ ಪೂರ್ತಿ ಡಿಸ್ಟರ್ಬ್ ಆಗ್ತಿದೆ. ಸಂಜೆ ಹೊತ್ತು ನಿದ್ದೆ ಮಾತ್ರೆ ಕೊಡಿ. ಡಾಕ್ಟರ್ ಹತ್ರ ಆಮೇಲೆ ನಾನು ಮಾತಾಡ್ತೀನಿ.”

“ಅವರಿಗೆ ನಿದ್ದೆ ಬರ್ತದೆ ಸರ್. ಗಂಡ ಬೇಕು ಅಷ್ಟೇ. ಒಂದೇ ಕೋಣೆ ಕೊಡಿ.”

“ರೂಮ್ ಖಾಲಿ ಇಲ್ಲ.”

“ಮುಂಭಾಗದ ಕೋಣೆ?”

ರಿಸೆಪ್ಷನ್ ಪಕ್ಕದಲ್ಲಿ ಜರಿಯ ಪರದೆ, ಎರಡು ಹೊಸ ಮಂಚ, ಕಿಟಕಿಯಾಚೆ ಖರ್ಜೂರದ ಮರ ಇದ್ದ ಕೋಣೆಯೊಂದಿತ್ತು. ವಿಚಾರಿಸಲು ಬಂದ ಮನೆಯವರಿಗೆಲ್ಲ ಮೊದಲು ಅದನ್ನೇ ತೋರಿಸುತ್ತಿದ್ದರು. ಅದರಲ್ಲಿ ಈವರೆಗೆ ಯಾರೂ ಮಲಗಿರಲಿಲ್ಲ.

“ಅದು ವಿಸಿಟರ್ಸ್‌ಗೆ ತೋರ್ಸಕ್ಕೆ ಇರೋದು.”

“ಹಾಗಾದ್ರೆ ಮನುಷ್ಯರು ಇರೋದನ್ನೇ ತೋರಿಸುವ ಸರ್. ಮಾತ್ರೆ ನಾನು ಕೊಡುವುದಿಲ್ಲ. ಬೇರೆಯವರು ಕೊಡ್ಲಿಕ್ಕೂ ಬಿಡುವುದಿಲ್ಲ.”

ಅವಳು ಹೊರಗೆ ಬಂದಾಗ ಸವಾದ್ ಗೋಡೆಗೊರಗಿ ನಿಂತಿದ್ದ. ಎಲ್ಲವನ್ನೂ ಕೇಳಿಸಿಕೊಂಡಿದ್ದ.

“ಯಾವಾಗ?” ಅಂದ, ಅಷ್ಟೇ.

“ನಾಳೆ ಶುಕ್ರವಾರ. ಮಗ ಬರುವ ಮೊದಲು.”

ಮರುದಿನ ಜುಮಾ ನಮಾಜು ಮುಗಿಸಿ ಬಂದವನೇ ಸವಾದ್ ಆ ಕೋಣೆಯ ಎರಡು ಮಂಚಗಳನ್ನೂ ಸೇರಿಸಿ ನಡುವಿನ ಕಂಬಿ ಬಿಚ್ಚಿದ. ನಝೀಲಾ ಉಮ್ಮ್ ರಾಶಿದ್‌ರ ತಲೆ ಬಾಚಿ, ಗಾಲಿಕುರ್ಚಿಯಲ್ಲಿ ಕೂರಿಸಿ, ಎಲ್ಲರೆದುರೇ ಕಾರಿಡಾರಿನಲ್ಲಿ ತಳ್ಳಿಕೊಂಡು ಬಂದಳು. ಲಿಫ್ಟಿನ ಬಾಗಿಲು ತೆರೆಯಿತು. ಒಳಗೆ ಗಾಲಿಕುರ್ಚಿಯಲ್ಲಿ ಅಬೂ ರಾಶಿದ್, ಹಿಂದೆ ಸವಾದ್.

ಮುದುಕರು ಹೆಂಡತಿಯ ಸೋತ ಬಲಗೈ ಎತ್ತಿ ತಮ್ಮ ತೊಡೆಯ ಮೇಲಿಟ್ಟುಕೊಂಡರು. “ಬಡವಾಗಿದ್ದೀಯಲ್ಲ,” ಅಂದರು ಅರಬ್ಬಿಯಲ್ಲಿ. ಅಜ್ಜಿ ಅವರ ಗಡ್ಡ ಎಳೆದರು.

ಕ್ರೇಗ್ ಬಂದಾಗ ನಝೀಲಾ ಕೋಣೆಯ ಬಾಗಿಲಿಗೆ ಅಡ್ಡ ನಿಂತಿದ್ದಳು.

“ಯಾರ ಪರ್ಮಿಷನ್ ತಗೊಂಡ್ರಿ?”

“ಒಳಗಿರುವವರದ್ದು.”

“ಇಬ್ಬರ ಕೆಲಸವೂ ಹೋಗುತ್ತೆ, ಗೊತ್ತಾ?” ಅವನು ಒಬ್ಬರಿಂದ ಇನ್ನೊಬ್ಬರತ್ತ ನೋಡಿದ. “ಏಣಿ, ನಗು, ಮೆಸೇಜು... ಎಲ್ಲ ನನ್ನ ಕಿವಿಗೂ ಬಿದ್ದಿದೆ. ಪೇಷಂಟ್ಸ್ ಬರೀ ನೆಪ. ನಿಮ್ಮಿಬ್ಬರ ಮಧ್ಯೆ ಏನು ನಡೀತಿದೆ?”

ಸವಾದ್ ಏನೋ ಹೇಳಲು ಬಾಯಿ ತೆರೆದ. ತನ್ನನ್ನು ಉಳಿಸುವ ಸುಳ್ಳು ಅದೆಂದು ಅವಳಿಗೆ ಗೊತ್ತಾಯಿತು.

“ನೆಪ ಅಲ್ಲ ಸರ್. ಅವರನ್ನು ಸೇರಿಸಿದ್ದು ಅದು ಸರಿ ಅಂತ,” ಅಂದಳು ನಝೀಲಾ. “ಇನ್ನು ಇವರು. ಇವರನ್ನು ನಾನು ಪ್ರೀತಿಸ್ತೇನೆ. ಇವರಿಗೂ ಇನ್ನೂ ಹೇಳಿರಲಿಲ್ಲ. ನೀವು ಕೇಳಿದ್ರಿ, ಹೇಳಿದೆ.”

ಅಷ್ಟರಲ್ಲಿ ಮಗ ರಾಶಿದ್ ಬಂದ. ಒಳಗೆ ಅವನ ತಾಯಿ ಗಂಡನ ಕೈಯಿಂದ ಗಂಜಿ ಕುಡಿಯುತ್ತಿದ್ದರು. ತುಸು ಹೊತ್ತು ನೋಡುತ್ತ ನಿಂತು, ಕಣ್ಣೊರೆಸಿಕೊಂಡು ಕ್ರೇಗ್‌ನತ್ತ ತಿರುಗಿದ. “ನೀವು ನನಗೆ ತೋರಿಸಿದ್ದು ಇದೇ ಕೋಣೆ,” ಅಂದ ಇಂಗ್ಲಿಷಿನಲ್ಲಿ. “ಇನ್ನು ಇವರು ಇಲ್ಲೇ ಇರುತ್ತಾರೆ. ಇವರನ್ನು ನೋಡಿಕೊಳ್ಳುವುದು ಈ ನರ್ಸ್.”

ಅವಳ ಕೆಲಸ ಉಳಿಯಿತು. ಸವಾದ್‌ನದು ಉಳಿಯಲಿಲ್ಲ, ಅವನ ಪರವಾಗಿ ಮಾತಾಡುವವರು ಯಾರೂ ಇರಲಿಲ್ಲ.

ಸಂಜೆ ಡ್ಯೂಟಿ ಮುಗಿಸಿ ಅವಳು ಬಂದಾಗ ಅವನು ಗೇಟಿನ ಹೊರಗೆ ಟೂಲ್‌ಬಾಕ್ಸಿನ ಮೇಲೆ ಕೂತಿದ್ದ.

“ನನ್ನಿಂದಾಗಿ ಹೀಗಾಯ್ತು,” ಅಂದಳು.

“ಎಸಿ ಹಾಳಾಗದ ಬಿಲ್ಡಿಂಗ್ ಬಹ್ರೈನಿನಲ್ಲಿ ಯಾವುದುಂಟು? ಕೆಲಸ ಸಿಗ್ತದೆ.” ಅವನು ಎದ್ದು ನಿಂತ. “ಒಂದು ಕೇಳ್ಲಾ? ಅಲ್ಲಿ ಹೇಳಿದ್ರಲ್ಲ... ಅದು ನಿಜವಾ, ಕ್ರೇಗ್‌ನನ್ನು ಉರಿಸ್ಲಿಕ್ಕೆ ಹೇಳಿದ್ದಾ?”

“ಎರಡೂ.”

ಅವನು ನಕ್ಕ. ಕಣ್ಣು ತುಂಬಿದ್ದನ್ನು ಮುಚ್ಚಿಡಲು ರಸ್ತೆಯತ್ತ ತಿರುಗಿದ. “ನಾನು ಆ ಮಾತು ಹೇಳ್ಲಿಕ್ಕೆ ತಿಂಗಳಿಂದ ಕನ್ನಡ ಹುಡುಕ್ತಾ ಇದ್ದೆ ಮಾರಾಯ್ತಿ. ನೀವು ಜಗಳದ ಮಧ್ಯೆ ಹೇಳಿ ಮುಗಿಸಿದ್ರಿ.”

“ಜಗಳ ಇನ್ನೂ ಮುಗೀಲಿಲ್ಲ. ಇಲ್ಲೇ ಗುದೈಬಿಯಾದಲ್ಲಿ ಅಣ್ಣ ಇದ್ದಾನೆ, ಅಫ್ಸಲ್. ಭಟ್ಕಳದ ಹೊರಗೆ ಸಂಬಂಧವೇ ಬೇಡ ಅನ್ನುವವನು.”

“ಹಾಗಾದ್ರೆ... ಸ್ವಲ್ಪ ಕಾಯುವನಾ?”

“ಕಾದು ಕಾದು ಮುದುಕರಾಗಿ, ಆಮೇಲೆ ಒಬ್ಬರು ಮೇಲೆ, ಒಬ್ಬರು ಕೆಳಗಾ?” ಅವಳು ರಸ್ತೆಗಿಳಿದು ಕೈ ಎತ್ತಿದಳು. ಟ್ಯಾಕ್ಸಿ ನಿಂತಿತು. “ಬನ್ನಿ. ಇವತ್ತೇ ಹೇಳುವ.”

ಗುದೈಬಿಯಾದ ಹಳೇ ಕಟ್ಟಡದ ಮೆಟ್ಟಿಲು ಹತ್ತುವಾಗ ಸವಾದ್ ಅಂಗಿಯ ಕಾಲರು ಸರಿಮಾಡಿಕೊಂಡ. ಒಳಗಿನಿಂದ ಚಹಾದ ಲೋಟ ಇಟ್ಟ ಸದ್ದು, ಅಣ್ಣನ ಕೆಮ್ಮು ಕೇಳಿಸಿತು. ನಝೀಲಾ ಅವನ ಕೈಯನ್ನು ಮೊದಲ ಸಲ ಹಿಡಿದುಕೊಂಡಳು. ಬಾಗಿಲು ತೆರೆದಾಗ ಬಿಡಿಸಿಕೊಳ್ಳಲು ಆಗದಷ್ಟು ಗಟ್ಟಿಯಾಗಿ ಹಿಡಿದು, ಇನ್ನೊಂದು ಕೈಯಿಂದ ಬೆಲ್ ಒತ್ತಿದಳು.