ಅಭಿಜ್ಞಾ ತಿದ್ದದ ರಿಪೋರ್ಟು

"ನನ್ನ ಕೈ ಕೊಳಕು ಅಂತ ರಿಪೋರ್ಟ್ ಬರೆದವರು ನೀವೇನಾ?"

ಲ್ಯಾಬಿನ ಬಾಗಿಲಲ್ಲಿ ಸರ್ಜನ್ ತುಷಾರ ನಿಂತಿದ್ದ. ಶಿರಸಿಯ ಆ ಖಾಸಗಿ ಆಸ್ಪತ್ರೆಗೆ ಮೈಕ್ರೋಬಯಾಲಜಿಸ್ಟ್ ಆಗಿ ಹೊಸದಾಗಿ ಬಂದಿದ್ದ ಡಾ. ಅಭಿಜ್ಞಾ ತಲೆಯೆತ್ತಿ ನೋಡಿದಳು. ಅವಳು ಕಣ್ಣು ತಗ್ಗಿಸಲಿಲ್ಲ.

"ಕೈ ಅಲ್ಲ ಡಾಕ್ಟ್ರೇ. ನೀವು ಹಚ್ಚೋ ಆಂಟಿಸೆಪ್ಟಿಕ್ ಕೊಳಕು."

ಅವನು ಹರ್ನಿಯಾ ಆಪರೇಷನ್ ಮಾಡಿದ್ದ ನಂದೊಳ್ಳಿಯ ದುರ್ಗಮ್ಮನ ಗಾಯ ಕೀವಾಗಿತ್ತು. ಆ ಕೀವಿನ ಬ್ಯಾಕ್ಟೀರಿಯಾ ಹೊಸ ಬಾಟಲಿಯ ಆಂಟಿಸೆಪ್ಟಿಕ್‌ಗೆ ಸಾಯುತ್ತಿತ್ತು. ಆಪರೇಷನ್ ಥಿಯೇಟರಿನ ಕ್ಯಾನಿನಲ್ಲಿದ್ದ ಆಂಟಿಸೆಪ್ಟಿಕ್‌ಗೆ ಸಾಯುತ್ತಿರಲಿಲ್ಲ. ನೀರು ಬೆರೆಸಿ, ಕ್ಯಾನನ್ನು ತೊಳೆಯದೆ ಮತ್ತೆ ಮತ್ತೆ ತುಂಬಿಸಿದ್ದರಿಂದ ಬ್ಯಾಕ್ಟೀರಿಯಾ ಅದರೊಳಗೇ ಬೆಳೆದಿತ್ತು!

ತುಷಾರ ನಂಬಲಿಲ್ಲ. ತನ್ನೆದುರೇ ಮತ್ತೆ ಪರೀಕ್ಷಿಸಬೇಕೆಂದ. ಅಲ್ಲಿಯವರೆಗೆ ಹೊಸ ಬಾಟಲಿಯನ್ನೇ ಬಳಸಲು ಒಪ್ಪಿದ.

ದಿನವೂ ಬಂದು ಅವಳ ಪಕ್ಕ ಕುಳಿತ. ಮೊದಮೊದಲು ಜಗಳ. ಆಮೇಲೆ ಚಹಾ, ಅವಳ ಊರು ಸಿದ್ದಾಪುರದ ಸುದ್ದಿ, ಅವನ ಊರು ವಾನಳ್ಳಿಯ ಸುದ್ದಿ... ಫಲಿತಾಂಶ ಮಾತ್ರ ಬದಲಾಗಲಿಲ್ಲ. ಅವಳು ಬದಲಾಗಿದ್ದಳು. ಅವನ ಹೆಜ್ಜೆ ಸಪ್ಪಳಕ್ಕೆ ಕಿವಿಗೊಟ್ಟು ಕೂರುತ್ತಿದ್ದಳು.

ಅಷ್ಟರಲ್ಲಿ ಆಡಳಿತಾಧಿಕಾರಿ ಚಂದ್ರಶೇಖರಪ್ಪ ಅವಳನ್ನು ಕರೆಸಿದರು. ದುರ್ಗಮ್ಮನ ಸಕ್ಕರೆ ಕಾಯಿಲೆಯೇ ಕಾರಣವೆಂದು ರಿಪೋರ್ಟ್ ತಿದ್ದಬೇಕು, ತುಷಾರನೂ ಇದಕ್ಕೆ ಒಪ್ಪಿದ್ದಾನೆ ಎಂದರು.

ಅವಳು ತುಷಾರನಿಗೆ ಫೋನ್ ಮಾಡಿದಳು. ಸ್ವಿಚ್ಡ್ ಆಫ್.

ನನ್ನ ಪಕ್ಕ ಕುಳಿತು ಎಲ್ಲ ಕಣ್ಣಾರೆ ಕಂಡವನು... ಇವನೂ ಇಷ್ಟೇನಾ?

ರಿಪೋರ್ಟ್ ಹಿಡಿದು ಅವಳು ಮರುದಿನ ಚಂದ್ರಶೇಖರಪ್ಪ ಕರೆದಿದ್ದ ಮೀಟಿಂಗಿಗೆ ಹೋದಳು.

"ಒಂದಕ್ಷರ ತಿದ್ದೋದಿಲ್ಲ. ಬೇಕಿದ್ರೆ ನನ್ನನ್ನೇ ತೆಗೀರಿ."

ಆಗಲೇ ಬಾಗಿಲು ತಳ್ಳಿಕೊಂಡು ತುಷಾರ ಬಂದ. ಹಿಂದಿನ ದಿನ ನಂದೊಳ್ಳಿಗೆ ಹೋಗಿ, ದುರ್ಗಮ್ಮನ ಮನೆಯವರಿಗೆ ಎಲ್ಲವನ್ನೂ ಹೇಳಿ, ಕ್ಷಮೆ ಕೇಳಿ, ಕೀವು ಪರೀಕ್ಷೆಗೆ ಕೊಟ್ಟು ಮನೆಗೆ ಮರಳಿದ್ದ ಆಕೆಯನ್ನು ಈಗ ತನ್ನ ಕಾರಿನಲ್ಲೇ ಕರೆತಂದಿದ್ದ. ಆ ಕ್ಯಾನುಗಳನ್ನು ಎಸೆಯುವವರೆಗೆ ತಾನು ಕತ್ತರಿ ಹಿಡಿಯುವುದಿಲ್ಲವೆಂದ. ಚಂದ್ರಶೇಖರಪ್ಪನವರಿಗೆ ಬೇರೆ ದಾರಿ ಉಳಿಯಲಿಲ್ಲ. ಮಧ್ಯಾಹ್ನದೊಳಗೆ ಕ್ಯಾನುಗಳು ಹೊರಬಿದ್ದವು, ದುರ್ಗಮ್ಮನಿಗೆ ಸರಿಯಾದ ಔಷಧಿ ಶುರುವಾಯಿತು.

ಕಾರಿಡಾರಿನಲ್ಲಿ ಅಭಿಜ್ಞಾ ಅವನನ್ನು ಅಡ್ಡಗಟ್ಟಿದಳು. "ನನಗೆ ಯಾಕೆ ಹೇಳಲಿಲ್ಲ? ನೀವೂ ಅವರ ಕಡೆ ಆದ್ರಿ ಅಂದ್ಕೊಂಡೆ."

"ನಂದೊಳ್ಳೀಲಿ ಫೋನಿನ ಚಾರ್ಜೇ ಹೋಗಿತ್ತು. ನಾನು ಯಾವತ್ತೂ ಅವರಿಗೆ ಒಪ್ಪಿರ್ಲಿಲ್ಲ. ತಪ್ಪು ನನ್ನ ಥಿಯೇಟರಿಂದು, ದುರ್ಗಮ್ಮನ ಮನೆಯವ್ರಿಗೆ ನಾನೇ ಹೇಳ್ಬೇಕಿತ್ತು." ಅವನು ದನಿ ತಗ್ಗಿಸಿದ. "ನಮ್ಮಿಬ್ರ ಕೆಲಸಾನೂ ಹೋಗಬಹುದು, ಅಭಿಜ್ಞಾ."

"ಹೋಗ್ಲಿ. ಎಂಗೆ ನೀನು ಸಾಕು," ಎಂದಳು. 'ನನಗೆ' ಎನ್ನದೆ 'ಎಂಗೆ' ಎಂದು, ಇಬ್ಬರದೂ ಆದ ಮನೆಮಾತನ್ನು ಅವನೊಡನೆ ಅವಳು ಆಡಿದ್ದು ಅದೇ ಮೊದಲು.

ತುಷಾರನ ಕಣ್ಣು ತುಂಬಿ ಬಂತು.

"ಎಂಗೂ," ಎಂದ.